ವೇಷದ ಚಿತ್ರಕ್ಕೆ ಮೂಲದ ವಿವರವೂ ಬೇಕು

ಮಾನ್ಯರೇ,

ಕಲಾವಿದರು ತಾವೇ ವೇಷ ತೊಟ್ಟು ಕ್ಯಾಮೆರಾ ಎದುರು ನಿಂತ ಚಿತ್ರಗಳನ್ನು ಅಚ್ಚು ಹಾಕುವಾಗ, ಯಾವ ಮೂಲಚಿತ್ರದ ಮರುಸೃಷ್ಟಿ, ಶಟರ್ ಒತ್ತಿದವರು ಯಾರು ಎಂಬೆರಡನ್ನು ದಯವಿಟ್ಟು ಕೈಬಿಡಬೇಡಿ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000–2004ರಲ್ಲಿ ಮಾಡಿದ ಸರಣಿಯನ್ನೇ ನೋಡಿ. ಒಂದು ಚಿತ್ರದಲ್ಲಿ ಪುಷ್ಪಮಾಲಾ ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಾಗಿ ಚೌಕುಳಿ ಹಿನ್ನೆಲೆಯ ಮುಂದೆ ನಿಂತಿದ್ದಾರೆ. ಆ ಚೌಕುಳಿ ಅಲಂಕಾರವಲ್ಲ. 7 ಅಡಿ ಎತ್ತರ, 3 ಅಡಿ ಅಗಲದ ಚೌಕಟ್ಟಿಗೆ ದಾರ ಕಟ್ಟಿ 2 ಇಂಚಿನ ಚೌಕಗಳನ್ನು ಮಾಡಿ, ಅದರೆದುರು ಜನರನ್ನು ಬೆತ್ತಲೆ ನಿಲ್ಲಿಸಿ ಅಳೆಯುವ ವಿಧಾನವನ್ನು 1869ರಲ್ಲಿ ಜನಾಂಗಗಳ ಅಧ್ಯಯನದಲ್ಲಿ ತೊಡಗಿದ್ದ ಜಾನ್ ಲ್ಯಾಂಪ್ರೆ ಮುಂದಿಟ್ಟಿದ್ದರು. ಇದು ತಿಳಿಯದಿದ್ದರೆ ಆ ಚಿತ್ರ ಬರೀ ಛದ್ಮವೇಷವಾಗಿ ಕಾಣುತ್ತದೆ. ಅಳತೆಗೆ ಒಳಗಾದವಳ ಜಾಗದಲ್ಲಿ ಕಲಾವಿದೆ ತನ್ನ ಮೈಯನ್ನೇ ಇಟ್ಟಿದ್ದಾಳೆ ಎಂಬ ಮುಖ್ಯ ಸಂಗತಿ ತಪ್ಪಿಹೋಗುತ್ತದೆ.

ಇಂಥದ್ದನ್ನು ಮಾಡಹೊರಟ ವಿದ್ಯಾರ್ಥಿಗಳಿಗೂ ಒಂದು ಮಾತು. ಚೌಕುಳಿ ಪರದೆ ಬೆನ್ನಿಗೆ ಹತ್ತಿರವೇ ಇರಲಿ. ದೂರ ಸರಿದಷ್ಟೂ ಚೌಕಗಳು ಚಿಕ್ಕದಾಗಿ, ಮಸುಕಾಗಿ ಬೀಳುತ್ತವೆ, ಅಳತೆಯ ಭಾವವೇ ಹೋಗುತ್ತದೆ. ಟೈಮರ್ ಒತ್ತುವಾಗ ಎದುರು ಯಾರೂ ಇಲ್ಲದ್ದರಿಂದ ಆಟೋಫೋಕಸ್ ಪರದೆಯನ್ನು ಹಿಡಿದು ಮುಖ ಮಸುಕಾಗುವುದು ಮಾಮೂಲು. ನಿಲ್ಲುವ ಜಾಗದಲ್ಲಿ ಒಂದು ಸ್ಟ್ಯಾಂಡ್ ಇಟ್ಟು ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ, ನೆಲಕ್ಕೆ ಟೇಪ್ ಅಂಟಿಸಿಕೊಳ್ಳಿ. ಲೆನ್ಸಿನ ದ್ವಾರ (ಅಪರ್ಚರ್) ಎಫ್/8 ಇಟ್ಟರೆ ಅರ್ಧ ಹೆಜ್ಜೆ ಆಚೀಚೆಯಾದರೂ ನಡೆಯುತ್ತದೆ.

ಪರದೆಯ ಅಂಚು, ದೀಪದ ಕಾಲು ಚೌಕಟ್ಟಿನೊಳಗೆ ಬಂದರೆ ಅವಸರದಲ್ಲಿ ಕತ್ತರಿಸಬೇಡಿ. ಇದು ಕಟ್ಟಿದ ದೃಶ್ಯವೆಂದು ನೋಡುಗರಿಗೆ ಹೇಳುವುದು ಅವೇ.

— ಓದುಗರು, ಬೆಂಗಳೂರು