‘ಹುಯಿಲು’ ಬರಿಯ ಗದ್ದಲವಲ್ಲ

ಮಾನ್ಯ ಸಂಪಾದಕರೇ,

ಸದನದಲ್ಲಿ ಪಕ್ಷಗಳು ಪರಸ್ಪರ ಕೂಗಾಡಿದಾಗ ಅವು ‘ಹುಯಿಲೆಬ್ಬಿಸಿದವು’ ಎಂದು ಬರೆಯುವುದು ನಮ್ಮ ಪತ್ರಿಕೆಗಳಿಗೆ ರೂಢಿಯಾಗಿದೆ. ಇದರಿಂದ ಹುಯಿಲು ಎಂದರೆ ಕಾರಣವಿಲ್ಲದ ಬೊಬ್ಬೆ ಎಂಬ ಭಾವನೆ ಬೇರೂರುತ್ತಿದ್ದು, ನಿಜವಾಗಿ ಕಷ್ಟದಲ್ಲಿರುವವರ ಮೊರೆಗೆ ಅದೇ ಪದವನ್ನು ಬಳಸಿದಾಗ ಅಲ್ಲಿಯೂ ವ್ಯಂಗ್ಯ ಇಣುಕುತ್ತದೆ.

ಹಳಗನ್ನಡದ ‘ಪುಯ್ಯಲ್’, ‘ಪಾಲು’ ‘ಹಾಲು’ ಆದ ಹಾದಿಯಲ್ಲೇ ಸಾಗಿ, ಪಕಾರ ಹಕಾರವಾಗಿ ಹುಯ್ಯಲು, ಹುಯಿಲು ಆಯಿತು. ಗಟ್ಟಿಯಾಗಿ ಗೋಳಿಡುವುದು, ನೆರವಿಗಾಗಿ ಕೂಗುವುದು, ಕಾಳಗ ಎಂಬ ಅರ್ಥಗಳೆಲ್ಲ ಅದಕ್ಕಿದ್ದವು. ತಮಿಳಿನ ‘ಪೂಸಲ್’ ಪದಕ್ಕೂ ಗೋಳು, ಕಾಳಗಗಳೆರಡೂ ಅರ್ಥಗಳೇ. ಅಳುವಿಗೂ ಕಾಳಗಕ್ಕೂ ಏನು ನಂಟು ಎಂದು ಕೇಳುವವರು ತುರುಗೋಳಿನ, ಅಂದರೆ ದನಗಳ ಅಪಹರಣದ, ವೀರಗಲ್ಲುಗಳನ್ನು ನೆನೆಯಬಹುದು: ವೈರಿಗಳು ದನಗಳನ್ನು ಅಟ್ಟಿಕೊಂಡು ಹೋದಾಗ ಊರಿನಲ್ಲಿ ಕೂಗು ಏಳುತ್ತಿತ್ತು, ಕೂಗು ಕೇಳಿ ಓಡಿಬಂದವರು ಹೊಡೆದಾಡಿ ಸಾಯುತ್ತಿದ್ದರು.

ಸಂಸ್ಕೃತದಲ್ಲಿಯೂ ಇಂಥದೇ ಜೋಡಣೆ ಇರುವುದು ಕುತೂಹಲದ ಸಂಗತಿ. ‘ಆಕ್ರಂದ’ ಪದಕ್ಕೆ ಅಮರಕೋಶವು ಕೂಗು, ಅಳು, ರಕ್ಷಕ, ಭೀಕರ ಯುದ್ಧ ಎಂಬ ಅರ್ಥಗಳನ್ನು ಹೇಳುತ್ತದೆ. ಕೌಟಿಲ್ಯ ಹೇಳುವ ರಾಜಮಂಡಲದಲ್ಲಂತೂ, ಅಂದರೆ ಒಬ್ಬ ರಾಜನ ಸುತ್ತಲಿನ ಶತ್ರು ಮಿತ್ರ ರಾಜರ ಬಳಗದಲ್ಲಿ, ಬೆನ್ನ ಹಿಂದಿನ ವೈರಿ ಪಾರ್ಷ್ಣಿಗ್ರಾಹನಾದರೆ, ಅವನ ಆಚೆಗಿರುವ ಮಿತ್ರರಾಜನೇ ಆಕ್ರಂದ, ಅಂದರೆ ಆಪತ್ತಿನಲ್ಲಿ ಕೂಗಿ ಕರೆಯಬೇಕಾದವನು. ‘ಮುಗಿಲು ಮುಟ್ಟಿದ ಆಕ್ರಂದನ’ ಎಂದು ಪ್ರತಿ ಅಪಘಾತದ ವರದಿಯಲ್ಲೂ ಬರೆಯುವವರಿಗೆ ಈ ಮಿತ್ರ ನೆನಪಾಗುವುದು ಅನುಮಾನ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಗೋಳಿಗೆ ‘ಲಬೋ ಲಬೋ ಹೊಯ್ಕೊಳ್ಳುವುದು’ ಎಂಬ ಮಾತಿದೆ. ಕಾಮದಹನದಂದು ಹುಡುಗರು ಬೆಂಕಿಯ ಸುತ್ತ ನಿಂತು, ತೆರೆದ ಬಾಯಿಗೆ ಅಂಗೈಯನ್ನು ಪಟಪಟನೆ ಬಡಿದುಕೊಳ್ಳುತ್ತ ಕೂಗುವಾಗ ದನಿ ತುಂಡುತುಂಡಾಗಿ ಹೊರಬರುವುದೇ ಈ ‘ಲಬೋ ಲಬೋ’. ಅದು ಆಟದ ಅಳುವೆಂಬುದು ಕೇಳುವವರಿಗೆಲ್ಲ ಗೊತ್ತಿರುತ್ತದೆ. ಪತ್ರಿಕೆಯ ಓದುಗನಿಗೆ ಮಾತ್ರ ಯಾವ ಹುಯಿಲು ಆಟದ್ದು, ಯಾವುದು ನಿಜದ್ದು ಎಂದು ತಿಳಿಯುವ ದಾರಿಯಿಲ್ಲ.

ಸದನದ ಕೂಗಾಟಕ್ಕೆ ಗದ್ದಲ, ಗಲಾಟೆ, ರಂಪ ಎಂಬ ಪದಗಳು ಧಾರಾಳವಾಗಿವೆ. ಹುಯಿಲನ್ನು ನೆರವು ಬೇಡುವವರ ಕೂಗಿಗೇ ಮೀಸಲಿಡುವಂತೆ ತಮ್ಮ ವರದಿಗಾರರಿಗೂ ಉಪಸಂಪಾದಕರಿಗೂ ಸೂಚಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ, ಧಾರವಾಡ