ಆಡುವವರನ್ನು ಬೈದದ್ದು ಸಾಕು, ಆಟವನ್ನೂ ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಚಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಮಕ್ಕಳಿಗೆ ಶಿಸ್ತಿಲ್ಲ, ಅಪ್ಪ ಅಮ್ಮ ಗಮನ ಕೊಡುತ್ತಿಲ್ಲ, ಮೊಬೈಲ್ ಕಿತ್ತುಕೊಳ್ಳಿ, ಹೊರಗೆ ಆಡಲು ಕಳಿಸಿ. ಹೆಚ್ಚೂ ಕಡಿಮೆ ಎಲ್ಲ ಬರಹಗಳೂ ಇಲ್ಲಿಗೇ ಬಂದು ಮುಗಿಯುತ್ತವೆ. ಆಡುವವರ ಬಗ್ಗೆ ಇಷ್ಟೆಲ್ಲ ಹೇಳುತ್ತಾರೆ, ಆಟದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ಒಳಗಡೆ ಹೇಗೆ ಕೆಲಸ ಮಾಡುತ್ತದೆ, ಅದನ್ನು ನಿಲ್ಲಿಸೋದು ಯಾಕೆ ಅಷ್ಟು ಕಷ್ಟ, ಎಲ್ಲ ಆಟಗಳೂ ಹಾಗೇನಾ ಅಂತ ಕೇಳದೆ ಚಟದ ಬಗ್ಗೆ ಬರೆದರೆ ಅರ್ಧ ಮಾತ್ರ ಬರೆದಂತೆ. ನಾನು ಗೇಮ್ ಆಡುವವನು, ಆಟಗಳೆಂದರೆ ಪ್ರೀತಿ ಇರುವವನು. ಅದಕ್ಕೇ ಈ ಪತ್ರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೈಬಿಡಲು ಮನಸ್ಸಾಗದ ಆಟ ಎಂದರೆ ಕೆಟ್ಟ ಆಟ ಅಂತ ಅಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್, ಮೇಲಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಟೆಟ್ರಿಸ್ ಆಟದ ಪ್ರೋಗ್ರಾಂ ಬರೆದಾಗ ಅದರಲ್ಲಿ ಬಣ್ಣವೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಎಲೆಕ್ಟ್ರೋನಿಕಾ 60 ಎಂಬ ಆ ಕಂಪ್ಯೂಟರಿಗೆ ಅಕ್ಷರ, ಚಿಹ್ನೆ ಬಿಟ್ಟರೆ ಬೇರೇನೂ ತೋರಿಸಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿಯೇ ಅವರು ಬೀಳುವ ತುಂಡುಗಳನ್ನು ಮಾಡಿದ್ದರು. ಆದರೂ ಬರೆದ ಮನುಷ್ಯನೇ ತಪ್ಪು ಹುಡುಕುತ್ತಿದ್ದೇನೆ ಎಂಬ ನೆಪದಲ್ಲಿ ಆಡುತ್ತಾ ಕೂತುಬಿಡುತ್ತಿದ್ದರಂತೆ. ಯಾಕೆ ಅಂತ ಆಡಿದವರಿಗೆಲ್ಲ ಗೊತ್ತು. ತುಂಬಿದ ಸಾಲು ಮಾಯವಾಗುತ್ತದೆ, ಅರ್ಧಂಬರ್ಧ ಉಳಿದದ್ದು ಮಾತ್ರ ಕಣ್ಣೆದುರು ನಿಂತಿರುತ್ತದೆ. ಅದೊಂದನ್ನು ಸರಿ ಮಾಡಿ ಏಳೋಣ ಅನಿಸುತ್ತದೆ, ಅಷ್ಟರಲ್ಲಿ ಇನ್ನೊಂದು ಕಡೆ ತೂತು ಬಿದ್ದಿರುತ್ತದೆ. ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ, ಮುಗಿಸಿದ ಕೆಲಸಕ್ಕಿಂತ ನಡುವೆ ನಿಂತ ಕೆಲಸ ಮನಸ್ಸಿನಲ್ಲಿ ಜಾಸ್ತಿ ಉಳಿಯುತ್ತದೆ ಎಂದು ಬರೆದಿದ್ದರು. ಆಮೇಲೆ ಅದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ, ಅದು ನಿಜ. ಆದರೆ ಟೆಟ್ರಿಸ್ ಆಡಿ ಮಲಗಿದವರ ಕಣ್ಣು ಮುಚ್ಚಿದರೂ ತುಂಡುಗಳು ಬೀಳುತ್ತಲೇ ಇರುತ್ತವೆ ಎನ್ನುವುದಕ್ಕೆ ಪ್ರಯೋಗ ಬೇಕಿಲ್ಲ.

ಸಿಡ್ ಮೈಯರ್ 1991ರಲ್ಲಿ ಹೊರತಂದ ಸಿವಿಲೈಸೇಶನ್ ಕೂಡ ಇದೇ ಜಾತಿಯದು. ಊರು, ಸೈನ್ಯ ಕಟ್ಟಿ ರಾಜ್ಯ ಬೆಳೆಸುವ ಆಟ ಅದು, ಅದರ ಒಂದೊಂದು ಸರದಿಗೆ ಟರ್ನ್ ಎನ್ನುತ್ತಾರೆ. ಒಂದು ಊರಿನ ಗೋಡೆ ಇನ್ನೆರಡು ಟರ್ನ್‌ನಲ್ಲಿ ಮುಗಿಯುತ್ತದೆ, ಹೊಸ ವಿದ್ಯೆ ಇನ್ನು ನಾಲ್ಕು ಟರ್ನ್‌ಗೆ ಕೈಗೆ ಬರುತ್ತದೆ, ಅಷ್ಟೊತ್ತಿಗೆ ಹಡಗು ಆ ಕಡೆಯ ದಡ ಮುಟ್ಟಿರುತ್ತದೆ. ಎಲ್ಲವೂ ಒಟ್ಟಿಗೆ ಮುಗಿಯುವ ಹೊತ್ತು ಎಂಬುದೇ ಆ ಆಟದಲ್ಲಿ ಬರುವುದಿಲ್ಲ. ‘ಇನ್ನೊಂದೇ ಟರ್ನ್’ ಎನ್ನುತ್ತಾ ಬೆಳಗು ಮಾಡಿದವರು ಲೋಕದಲ್ಲೆಲ್ಲ ಇದ್ದಾರೆ. ಆದರೆ ಒಂದು ವಿಷಯ ಗಮನಿಸಿ. ಆ ಆಟವನ್ನು ಯಾವ ಗಳಿಗೆಯಲ್ಲಿ ಬೇಕಾದರೂ ಸೇವ್ ಮಾಡಿ ಏಳಬಹುದು. ತಿಂಗಳು ಬಿಟ್ಟು ಬಂದರೂ ನಿಮ್ಮ ಊರು, ನಿಮ್ಮ ಸೈನ್ಯ ಬಿಟ್ಟಲ್ಲೇ ಇರುತ್ತವೆ. ಯಾಕೆ ಬರಲಿಲ್ಲ ಅಂತ ಅದು ಮೆಸೇಜ್ ಕಳಿಸುವುದಿಲ್ಲ. ನಿಮ್ಮನ್ನು ಹಿಡಿದಿಟ್ಟದ್ದು ಆಟದ ಸೊಗಸು, ಅಷ್ಟೇ. ಒಳ್ಳೆಯ ಕಾದಂಬರಿಯನ್ನು ಅಧ್ಯಾಯ ಮುಗಿದರೂ ಕೆಳಗಿಡಲು ಆಗುವುದಿಲ್ಲವಲ್ಲ, ಹಾಗೆ.

ನನ್ನ ತಕರಾರು ಬೇರೆ ಜಾತಿಯ ಆಟಗಳ ಮೇಲೆ. ಎದ್ದು ಹೋದರೆ ಶಿಕ್ಷೆ ಕೊಡುವ ಆಟಗಳು, ನಿಲ್ಲಿಸಲು ಬೇಕೆಂದೇ ಜಾಗ ಕೊಡದ ಆಟಗಳು.

ಇವು ಹೇಗೆ ಬಂದವು ಎಂದು ನೋಡಬೇಕಾದರೆ ಕಂಪನಿಗೆ ದುಡ್ಡು ಯಾವಾಗ ಸೇರುತ್ತದೆ ಎಂದು ನೋಡಬೇಕು. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್-ಮ್ಯಾನ್ ಕಾಲದಲ್ಲಿ ಆಟ ನಡೆಯುತ್ತಿದ್ದುದು ನಾಣ್ಯದ ಯಂತ್ರದಲ್ಲಿ. ಯಂತ್ರ ಇಟ್ಟವನಿಗೆ ನೀವು ಬೇಗ ಸೋಲಬೇಕು, ಇನ್ನೊಂದು ನಾಣ್ಯ ಬೀಳಬೇಕು. ಅಲ್ಲೂ ದುಡ್ಡಿನಾಸೆ ಇತ್ತು, ಆದರೆ ಆಟಕ್ಕೆ ಒಂದು ಕೊನೆ ಅಂತ ಇತ್ತು. ಕೊನೆ ಬಂದಾಗ ಮತ್ತೆ ಆಡಬೇಕೋ ಬೇಡವೋ ಎಂದು ಜೇಬು ನೋಡಿಕೊಂಡು ಯೋಚಿಸಬೇಕಿತ್ತು. ಆಮೇಲೆ ಆಟ ಮನೆಗೆ ಬಂತು. ಆಟದ ಡಬ್ಬಿ ಮಾರಿದರೆ ಕಂಪನಿಯ ದುಡ್ಡು ಬಂದಾಯಿತು, ನೀವು ಹತ್ತು ಗಂಟೆ ಆಡಿದರೂ ನೂರು ಗಂಟೆ ಆಡಿದರೂ ಅವರಿಗೆ ದೊಡ್ಡ ವ್ಯತ್ಯಾಸ ಇಲ್ಲ. ಈಗ ಬಹಳಷ್ಟು ಆಟಗಳು ಉಚಿತ. ಉಚಿತ ಎಂದರೆ ಜಾಹೀರಾತು ನೋಡಿದಷ್ಟೂ, ಒಳಗಡೆ ಏನಾದರೂ ಕೊಂಡಷ್ಟೂ ಮಾತ್ರ ಕಂಪನಿಗೆ ಆದಾಯ. ಹಾಗಾದರೆ ನೀವು ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಎಷ್ಟು ಜನ ಮರುದಿನ ವಾಪಸ್ ಬಂದರು, ಎಷ್ಟು ಜನ ವಾರವಾದ ಮೇಲೂ ಉಳಿದರು ಎಂದು ಲೆಕ್ಕ ಇಡುವುದೇ ಈ ವ್ಯಾಪಾರದ ಮುಖ್ಯ ಕೆಲಸ. ಆಟದ ಪ್ರತಿ ಗುಂಡಿ, ಪ್ರತಿ ಸದ್ದು ಆ ಲೆಕ್ಕಕ್ಕೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ. ಇಂಥ ಆಟದ ಎದುರು ಒಬ್ಬ ಹುಡುಗನನ್ನು ಕೂರಿಸಿ, ನಿನಗೆ ಮನಸ್ಸು ಗಟ್ಟಿ ಇಲ್ಲ ಅಂತ ಬೈದರೆ ಅದು ನ್ಯಾಯ ಅಲ್ಲ.

2009ರ ಫಾರ್ಮ್‌ವಿಲ್ ಎಂಬ ಬೇಸಾಯದ ಆಟ ನೆನಪಿದೆಯಾ? ಬೆಳೆ ಇಟ್ಟರೆ, ಇಂತಿಷ್ಟು ಹೊತ್ತಿಗೆ ಬರುತ್ತದೆ ಎನ್ನುತ್ತಿತ್ತು. ಆ ಹೊತ್ತಿಗೆ ಬಂದು ಕೊಯ್ಯದೆ ಬಹಳ ತಡ ಮಾಡಿದರೆ ಒಣಗಿಹೋಗುತ್ತಿತ್ತು. ಆಟ ಆಡಲು ಮನಸ್ಸಿಲ್ಲದಿದ್ದರೂ ಬೆಳೆ ಹಾಳಾಗುತ್ತದಲ್ಲ ಎಂದು ಜನ ಬರುತ್ತಿದ್ದರು. ಅದು ಖುಷಿಯ ಆಟವೇ ಅಲ್ಲ, ಕಳೆದುಕೊಳ್ಳುವ ಭಯದ ಆಟ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ ಎನ್ನುವುದೂ ಇದರ ತಮ್ಮನೇ. 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಸಾಗಾ ನೋಡಿ. ಐದು ಜೀವ. ಒಂದು ಹೋದರೆ ವಾಪಸ್ ಬರಲು 30 ನಿಮಿಷ. ಮೇಲ್ನೋಟಕ್ಕೆ ಇದು ಆಡುವುದನ್ನು ತಡೆಯುವ ಒಳ್ಳೆಯ ನಿಯಮ ಅನಿಸುತ್ತದೆ ಅಲ್ವಾ? ಆದರೆ ಅದು ನಿಮ್ಮನ್ನು ಎಬ್ಬಿಸುವುದು ಸೋತ ಗಳಿಗೆಯಲ್ಲಿ, ಇನ್ನೊಂದು ಚಾನ್ಸ್ ಸಿಕ್ಕಿದ್ದರೆ ಗೆಲ್ಲುತ್ತಿದ್ದೆ ಎನಿಸಿದಾಗ. ಕಾಯಿರಿ, ಇಲ್ಲವೇ ದುಡ್ಡು ಕೊಡಿ ಎನ್ನುತ್ತದೆ. ಕಾದರೆ ಆ ಅರ್ಧ ಗಂಟೆಯೂ ಆಟ ತಲೆಯಲ್ಲೇ ಇರುತ್ತದೆ.

ಇನ್ನು ಲೂಟ್ ಬಾಕ್ಸ್, ಅಂದರೆ ಆಟದೊಳಗೆ ಸಿಗುವ ಅದೃಷ್ಟದ ಪೆಟ್ಟಿಗೆ. ಪೆಟ್ಟಿಗೆ ತೆರೆದರೆ ಏನು ಸಿಗುತ್ತದೋ ಗೊತ್ತಿಲ್ಲ, ಮುಂದಿನದರಲ್ಲಿ ಸಿಗಬಹುದು ಎಂಬ ಆಸೆ. ಇದು ಯಾಕೆ ಇಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ಹಳೆಯ ವಿಷಯ. ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳನ್ನು ಇಟ್ಟುಕೊಂಡು ಮಾಡಿದ ಪ್ರಯೋಗಗಳನ್ನು 1957ರಲ್ಲೇ ಪುಸ್ತಕವಾಗಿ ತಂದಿದ್ದರು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂದು ಗೊತ್ತಾಗದಿದ್ದಾಗ ಹಕ್ಕಿ ಬಿಡದೆ ಕುಕ್ಕುತ್ತದೆ. ಕಾಳು ಕೊಡುವುದನ್ನು ನಿಲ್ಲಿಸಿದರೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರ ನಡೆಯುವುದೂ ಹೀಗೆಯೇ. ಅದನ್ನೇ ತಂದು ಮಕ್ಕಳೂ ಆಡುವ ಆಟದೊಳಗೆ ಇಟ್ಟಿದ್ದಾರೆ ಎಂಬುದನ್ನು ಕೆಲವು ದೇಶಗಳು ಗಂಭೀರವಾಗಿ ತೆಗೆದುಕೊಂಡಿವೆ. ಜಪಾನಿನಲ್ಲಿ 2012ರಲ್ಲಿ, ಅದೃಷ್ಟದ ಮೇಲೆ ಸಿಗುವ ವಸ್ತುಗಳ ಪೂರ್ತಿ ಸೆಟ್ ಕೂಡಿಸಿದರೆ ಮಾತ್ರ ದೊಡ್ಡ ಬಹುಮಾನ ಎನ್ನುವ ‘ಕಂಪು ಗಾಚಾ’ಕ್ಕೆ ತಡೆ ಬಿತ್ತು. ಚೀನಾ 2017ರಿಂದ, ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂದು ಕಂಪನಿಗಳೇ ಬಹಿರಂಗವಾಗಿ ತಿಳಿಸಬೇಕು ಎಂದಿತು. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ, ಕೆಲವು ಹೆಸರಾಂತ ಆಟಗಳ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ನೇರವಾಗಿ ಹೇಳಿತು. ಇದೇ ಸರಿಯಾದ ದಾರಿ ಎಂದು ನನಗೆ ಅನಿಸುತ್ತದೆ. ಇಲ್ಲಿ ಕೈ ಹಾಕಿದ್ದು ಆಡುವವರ ಮೇಲಲ್ಲ, ಆಟದ ಒಳಗಿನ ಯಂತ್ರದ ಮೇಲೆ.

ಗಡಿಯಾರ ಹಿಡಿದು ಕೂರುವ ಕಾನೂನುಗಳ ಬಗ್ಗೆ ನನಗೆ ಅಂಥ ನಂಬಿಕೆ ಇಲ್ಲ. ದಕ್ಷಿಣ ಕೊರಿಯಾ 2011ರಲ್ಲಿ, 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ 6ರ ತನಕ ಆನ್‌ಲೈನ್ ಆಟ ಆಡಬಾರದು ಎಂದು ಕಾನೂನು ಮಾಡಿತು. ಹತ್ತು ವರ್ಷ ನೋಡಿ, 2021ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. ಅದೇ ವರ್ಷ ಚೀನಾ ಇನ್ನೂ ಬಿಗಿ ಮಾಡಿ, 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರ ತನಕ ಮಾತ್ರ ಆನ್‌ಲೈನ್ ಆಟ ಎಂದಿತು. ಆ ಒಂದು ಗಂಟೆಯಲ್ಲಿ ಮಗು ಒಳ್ಳೆಯ ಒಗಟಿನ ಆಟ ಆಡಿತೋ, ಪೆಟ್ಟಿಗೆ ಮೇಲೆ ಪೆಟ್ಟಿಗೆ ತೆರೆಯಿತೋ ಎಂಬುದು ಗಡಿಯಾರಕ್ಕೆ ಗೊತ್ತಾಗುವುದಿಲ್ಲ.

ಮನೆಗಳಲ್ಲಿ ನಡೆಯುವ ಜಗಳವೂ ಬಹಳ ಸಲ ಈ ಗಡಿಯಾರದ್ದೇ. ‘ಎಂಟು ಗಂಟೆ ಆಯಿತು, ಈಗಲೇ ಆಫ್ ಮಾಡು’ ಎನ್ನುತ್ತಾರೆ. ಮಗ ‘ಐದೇ ನಿಮಿಷ ಅಮ್ಮ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ದೊಡ್ಡವರಿಗೆ ಅನಿಸುತ್ತದೆ. ಆದರೆ ಡೋಟಾ 2, ಲೀಗ್ ಆಫ್ ಲೆಜೆಂಡ್ಸ್ ಥರದ ಆಟಗಳಲ್ಲಿ ಐದು ಜನರ ಎರಡು ತಂಡ ಇರುತ್ತದೆ. ಒಂದು ಪಂದ್ಯ ಅರ್ಧ ಗಂಟೆಗೂ ಜಾಸ್ತಿ ಹೋಗುವುದು ಮಾಮೂಲು, ಯಾವಾಗ ಮುಗಿಯುತ್ತದೆ ಎಂದು ಆಡುವವರಿಗೂ ಖಚಿತ ಇರುವುದಿಲ್ಲ. ನಡುವೆ ಎದ್ದರೆ ಉಳಿದ ನಾಲ್ವರು ಒಬ್ಬ ಕಡಿಮೆ ಇಟ್ಟುಕೊಂಡು ಸೋಲಬೇಕು. ಎದ್ದವನಿಗೆ ಆಟವೇ ದಂಡ ಹಾಕುತ್ತದೆ, ಮುಂದಿನ ಪಂದ್ಯಗಳಿಗೆ ಕಾಯಿಸುತ್ತದೆ. ಸ್ನೇಹಿತರನ್ನು ನಡುನೀರಿನಲ್ಲಿ ಬಿಟ್ಟ ಎಂಬ ಮಾತೂ ಕೇಳಬೇಕು. ಹದಿನಾಲ್ಕು ವರ್ಷದ ಹುಡುಗನಿಗೆ ಇದು ಸಣ್ಣ ವಿಷಯ ಅಲ್ಲ. ಪಂದ್ಯದ ನಡುವೆ ವೈರ್ ಕಿತ್ತರೆ ಅವನು ಕಿರುಚಾಡುತ್ತಾನೆ, ಆ ಕಿರುಚಾಟವನ್ನೇ ಚಟದ ಗುರುತು ಎಂದು ದೊಡ್ಡವರು ತಿಳಿಯುತ್ತಾರೆ. ಗಂಟೆಯ ಬದಲು ಪಂದ್ಯದ ಲೆಕ್ಕದಲ್ಲಿ ಮಾತಾಡಿ ನೋಡಿ. ‘ಈ ಪಂದ್ಯ ಮುಗಿದ ಮೇಲೆ ಇನ್ನೊಂದು ಶುರು ಮಾಡಬೇಡ’ ಎನ್ನಿ, ಅದನ್ನೂ ಪಂದ್ಯ ಶುರುವಾಗುವ ಮೊದಲೇ ಹೇಳಿ. ಇದು ಬೆಣ್ಣೆ ಹಚ್ಚುವ ಮಾತಲ್ಲ, ಮಗು ಪಾಲಿಸಲು ಆಗುವಂಥ ನಿಯಮ. ಪಕ್ಕದಲ್ಲಿ ಸುಮ್ನೆ ಕೂತು ಒಂದು ಪಂದ್ಯ ಪೂರ್ತಿ ನೋಡಿದ ಅಪ್ಪ ಅಮ್ಮನಿಗೆ ಇದೆಲ್ಲ ನನ್ನ ಪತ್ರಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಚಟ ಎಂಬುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. 2019ರಲ್ಲಿ ಒಪ್ಪಿಗೆ ಸಿಕ್ಕಿ, ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದರೆ ಅಲ್ಲಿ ಏನು ಹೇಳಿದ್ದಾರೆ ಎಂದು ಬರೆಯುವವರು ಕಡಿಮೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಬೇರೆಲ್ಲಕ್ಕಿಂತ ಆಟವೇ ಮುಂದೆ ಬಂದಿರಬೇಕು, ಹಾನಿ ಆಗುತ್ತಿದೆ ಎಂದು ಗೊತ್ತಾದರೂ ಅದು ನಡೆಯುತ್ತಲೇ ಇರಬೇಕು. ಓದು, ಕೆಲಸ, ಮನೆಯವರ ಜೊತೆಗಿನ ಸಂಬಂಧ ನಿಜವಾಗಿಯೂ ಕೆಟ್ಟಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳಾದರೂ ಕಾಣಿಸಿಕೊಂಡಿರಬೇಕು, ತೀರಾ ಜೋರಾಗಿದ್ದರೆ ಮಾತ್ರ ಅದಕ್ಕಿಂತ ಬೇಗ ನಿರ್ಧರಿಸಬಹುದು. ಹೊಸ ಆಟ ಬಂದ ವಾರ ಊಟ ಮರೆತು ಆಡಿದವನನ್ನು ರೋಗಿ ಎಂದು ಕರೆಯಲು ಇಲ್ಲಿ ಜಾಗವಿಲ್ಲ. ಆದರೆ ಈ ಲಕ್ಷಣ ಎಲ್ಲವೂ ಇರುವ ಮಗುವಿಗೆ ಬೈಗುಳ ಬೇಡ, ಉಪದೇಶ ಬೇಡ, ಮಾನಸಿಕ ಆರೋಗ್ಯದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆಟದ ಹಿಂದೆ ಖಿನ್ನತೆಯೋ, ಶಾಲೆಯಲ್ಲಿ ಆಗುತ್ತಿರುವ ಹಿಂಸೆಯೋ ಇರಬಹುದು, ಆಟ ಕಿತ್ತುಕೊಂಡ ಮಾತ್ರಕ್ಕೆ ಅದು ಹೋಗುವುದಿಲ್ಲ.

ಆಟ ಮಾಡುವವರಿಗೆ ನಿಲ್ಲಿಸುವ ಜಾಗ ಕೊಡುವುದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ, ಆಟದಿಂದ ಹೊರಗಿದ್ದ ಹೊತ್ತೆಲ್ಲ ವಿಶ್ರಾಂತಿಯಾಗಿ ಜಮೆಯಾಗುತ್ತದೆ. ವಾಪಸ್ ಬಂದಾಗ ಸ್ವಲ್ಪ ಹೊತ್ತು ಶತ್ರುಗಳನ್ನು ಹೊಡೆದರೆ ಸಿಗುವ ಅಂಕ ಎರಡು ಪಟ್ಟು. ಎದ್ದು ಹೋದವನಿಗೆ ಶಿಕ್ಷೆಯ ಬದಲು ಬಹುಮಾನ! (ಅದೇ ಆಟ ಎಷ್ಟೋ ಜನರ ರಾತ್ರಿಗಳನ್ನು ತಿಂದಿದೆ ಎಂಬುದೂ ನಿಜ. ಆದರೂ ಈ ಒಂದು ಯೋಚನೆ ಒಳ್ಳೆಯದು.) ನಿಂಟೆಂಡೊ ಕಂಪನಿಯ ವೀ ಸ್ಪೋರ್ಟ್ಸ್ ಎಂಬ ಆಟ ನಡುನಡುವೆ, ಸ್ವಲ್ಪ ಬಿಡುವು ತೆಗೆದುಕೊಳ್ಳಬಾರದೇ ಎಂದು ತಾನೇ ಕೇಳುತ್ತಿತ್ತು. ವಿಯೆಟ್ನಾಮಿನ ಡಾಂಗ್ ನ್ಯುಯೆನ್ ಇನ್ನೂ ಮುಂದೆ ಹೋದರು. ಅವರು 2013ರಲ್ಲಿ ಮಾಡಿದ ಫ್ಲಾಪಿ ಬರ್ಡ್ ಎಂಬ ಪುಟ್ಟ ಆಟ ಮರುವರ್ಷ ಲೋಕಕ್ಕೆಲ್ಲ ಹುಚ್ಚು ಹಿಡಿಸಿತು, ಜಾಹೀರಾತಿನ ಆದಾಯ ಬರುತ್ತಲೇ ಇತ್ತು. ಜನ ಇದಕ್ಕೆ ಅಂಟಿಕೊಂಡುಬಿಟ್ಟಿದ್ದಾರೆ, ಇದು ತೊಂದರೆಯಾಗಿದೆ ಎಂದು 2014ರ ಫೆಬ್ರುವರಿಯಲ್ಲಿ ತಾವೇ ಅದನ್ನು ಮೊಬೈಲ್ ಆ್ಯಪ್‌ಗಳ ಅಂಗಡಿಯಿಂದ ತೆಗೆದುಬಿಟ್ಟರು. ಎಲ್ಲರೂ ಹಾಗೆ ಮಾಡಲಿ ಎಂದು ಕೇಳುತ್ತಿಲ್ಲ. ಪಂದ್ಯ ಮುಗಿದ ಮೇಲೆ ಮುಂದಿನದು ತಾನಾಗಿ ಶುರುವಾಗದಿರಲಿ, ಒಂದು ದಿನ ಬಾರದಿದ್ದರೆ ಏನೂ ಕಳೆದುಹೋಗದಿರಲಿ, ದುಡ್ಡು ಕೊಟ್ಟು ತೆರೆಯುವ ಕುರುಡು ಪೆಟ್ಟಿಗೆ ಮಕ್ಕಳ ಆಟದಲ್ಲಿ ಬೇಡವೇ ಬೇಡ. ಇಷ್ಟು ಮಾಡಿದರೆ ಆಟದ ಸೊಗಸು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಕೊನೆಗೆ ನಿಮ್ಮಲ್ಲೂ ಒಂದು ಕೋರಿಕೆ. ಹೊಸ ಆಟಗಳ ಪರಿಚಯ ಬರೆಸುವಾಗ ಚಿತ್ರ ಚೆನ್ನಾಗಿದೆ, ಸದ್ದು ಚೆನ್ನಾಗಿದೆ ಎಂಬುದರ ಜೊತೆ ಇನ್ನೊಂದಿಷ್ಟು ಸೇರಿಸಿ. ಒಂದು ಪಂದ್ಯ ಎಷ್ಟು ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಿ ಸೇವ್ ಮಾಡಲು ಬರುತ್ತದೆಯೇ, ಎದ್ದು ಹೋದರೆ ದಂಡ ಇದೆಯೇ, ದಿನಾ ಬರಲೇಬೇಕೆಂದು ಕಾಡುತ್ತದೆಯೇ, ಏನು ಸಿಗುತ್ತದೆಂದು ಗೊತ್ತಿಲ್ಲದ ಪೆಟ್ಟಿಗೆ ಮಾರುತ್ತದೆಯೇ. ನಾಲ್ಕೈದು ಸಾಲಿನ ಜಾಗ ಸಾಕು. ಮಗುವಿಗೆ ಯಾವ ಆಟ ಕೊಡಬೇಕು ಎಂದು ಗೊತ್ತಾಗದೆ ನಿಂತಿರುವ ಅಪ್ಪ ಅಮ್ಮ ಮೊದಲು ಓದುವುದು ಆ ಸಾಲುಗಳನ್ನೇ.

ಇತಿ,
ಆಟಗಳನ್ನು ಪ್ರೀತಿಸುವ ನಿಮ್ಮ ಓದುಗ