ಕಗ್ಗದ ಕೊಯ್ಲು ಮುಗಿಯಿತು, ಕಟ್ಟೆ ಉಳಿಸಿದವರಿಗೆ ನಮಸ್ಕಾರ

ನಮ್ಮ ಗಜನಿಯ ಕಗ್ಗ ಭತ್ತ ಕೊಯ್ದು ಅಂಗಳಕ್ಕೆ ಬಂತು. ಹೊಸ್ತಿನ ಊಟವೂ ಆಯಿತು. ಮಳೆಗಾಲದಲ್ಲಿ ಕಟ್ಟೆ ಒಡೆದಿತ್ತು, ದುಡ್ಡಿಗೆ ಓಡಾಡಿದೆವು, ಅದನ್ನೆಲ್ಲ ಪೂರ್ತಿ ಹೇಳುವುದಿಲ್ಲ. ಯಾರಿಂದ ಈ ಭತ್ತ ಮನೆಗೆ ಬಂತು ಅನ್ನುವುದನ್ನು ಮಾತ್ರ ಬರೆದಿಡಬೇಕು ಅನಿಸಿತು.

ದೂರದಲ್ಲಿರುವವರಿಗೆ ಎರಡು ಮಾತು. ಗಜನಿ ಅಂದರೆ ಉತ್ತರ ಕನ್ನಡದ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಅಂಚಿನ ತಗ್ಗು ಗದ್ದೆ. ಹೊರಗೆ ಉಪ್ಪುನೀರು, ಒಳಗೆ ಮಳೆನೀರು, ನಡುವೆ ಒಂದು ಕಟ್ಟೆ. ಕಗ್ಗ ಉಪ್ಪು ತಡೆಯುವ ತಳಿ. ನೆರೆಯಲ್ಲಿ ಕೆಲ ದಿನ ಮುಳುಗಿದರೂ ತಲೆ ಎತ್ತುತ್ತದೆ, ಗೊಬ್ಬರ ಕೇಳುವುದಿಲ್ಲ. ನಾವು ತೆನೆಯ ಭಾಗ ಮಾತ್ರ ಕೊಯ್ದು ದಂಟನ್ನು ಗದ್ದೆಯಲ್ಲೇ ಬಿಡುತ್ತೇವೆ. ಆಮೇಲೆ ಕಟ್ಟೆಯ ಗೇಟಿನ ಹಲಗೆ ಎತ್ತಿ ಉಪ್ಪುನೀರು ಒಳಗೆ ಬಿಟ್ಟರೆ ಆ ದಂಟು ಕೊಳೆತು ಶೆಟ್ಲಿಗೆ (ಸಿಗಡಿಗೆ), ಮೀನಿಗೆ ಮೇವು. ಮೀನಿನ ಬೆನ್ನಿಗೇ ಬೆಳ್ಳಕ್ಕಿ. ಸಿಗಡಿ ಹೊಂಡಗಳು ಬಂದ ಮೇಲೆ ಈ ಕಡೆಯ ಎಷ್ಟೋ ಗಜನಿಗಳಲ್ಲಿ ಭತ್ತವೇ ನಿಂತುಹೋಯಿತು. ನಮ್ಮದರಲ್ಲೂ ನಿಂತಿತ್ತು.

ಮಾಣಿಕಟ್ಟದಂಥ ಊರುಗಳ ರೈತರು ಒಟ್ಟಾಗಿ ಕಗ್ಗ ಬೆಳೆಯುತ್ತಾ ಬಂದಿರದಿದ್ದರೆ ನಮಗೆ ಬೀಜ ಸಿಗುತ್ತಿರಲಿಲ್ಲ. ಅವರಿಗೆ ದೊಡ್ಡ ನಮಸ್ಕಾರ. ಕಟ್ಟೆಯ ಹೊರಮೈಗೆ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ಕೊಟ್ಟ ಅರಣ್ಯ ಇಲಾಖೆಯವರು, ಅದನ್ನು ಕೆಸರಿನಲ್ಲಿ ನಿಂತು ನೆಟ್ಟ ಕಾಲೇಜು ಹುಡುಗರು, ಪಂಚಾಯತಿಯ ಜೀವವೈವಿಧ್ಯ ಸಮಿತಿಯವರು, ಚೀಲ ಹೊತ್ತ ದೋಣಿಯವರು, ಎಲ್ಲರಿಗೂ ಥ್ಯಾಂಕ್ಸ್. ಶಿರಸಿ ಕಡೆಯ ತೋಟದ ಗೆಳೆಯರು ಗೂಟಕ್ಕೆ ಒಂದು ಲೋಡ್ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಕಳಿಸಿದರು, ಬಾಡಿಗೆಯನ್ನೂ ಅವರೇ ಕೊಟ್ಟರು. ಹೊಳೆ ಹುಟ್ಟುವುದು ಅವರ ಊರಿನ ಕಡೆ, ಅಲ್ವಾ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲದೆ ಅದು ನಮ್ಮ ತನಕ ಬರುತ್ತದೆ. ಘಟ್ಟದ ಆ ಕಾಡಿನ ಒಂದು ಭಾಗ 2011ರಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶ ಆಯಿತು. ಮೇಲೆ ಕಾಡು ನಿಂತರೆ ಕೆಳಗೆ ನಮಗೆ ಸಿಹಿನೀರು.

ಇನ್ನು ದೊಡ್ಡಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಅಳಿವೆಯಲ್ಲಿ ಬಳಚು (ಕೆಸರಿನ ಚಿಪ್ಪುಮೀನು) ತೆಗೆದು ಮಾರುವವರು. ಗಜನಿಯಲ್ಲಿ ಅವರಿಗೆ ಒಂದು ಗುಂಟೆ ಜಾಗವೂ ಇಲ್ಲ.

ಅಮಾವಾಸ್ಯೆಯ ರಾತ್ರಿ. ದೊಡ್ಡ ಭರತ (ಸಮುದ್ರದ ಉಬ್ಬರ), ಮೇಲಿಂದ ಮಳೆ, ಹೊಳೆಯ ನೀರೂ ಏರಿತ್ತು. ಏಡಿ ಬಿಲದಿಂದ ಸೋರಲು ಶುರುವಾದದ್ದು ನೋಡನೋಡುತ್ತ ಕಟ್ಟೆಯನ್ನೇ ಸೀಳಿತು. ನಾವು ಮಣ್ಣಿನ ಚೀಲ ಎಸೆದದ್ದೇ ಎಸೆದದ್ದು, ನೀರು ಒಯ್ದದ್ದೇ ಒಯ್ದದ್ದು. ಗಲಾಟೆ ಕೇಳಿ ದೊಡ್ಡಕ್ಕ ಟಾರ್ಚು ಹಿಡಿದು ಬಂದರು. ಬಂದವರೇ, "ಈಗ ಕೈ ಹಾಕ್ಬೇಡಿ, ಚೀಲ ಸುಮ್ನೆ ಹಾಳು. ಭರತ ನಿಲ್ಲಲಿ. ಅಲ್ಲಿವರೆಗೆ ದಬ್ಬೆ ಚೂಪು ಮಾಡಿಡಿ" ಅಂದರು. ಯಾರೂ ಎದುರಾಡಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸೀರೆ ಎತ್ತಿ ಕಟ್ಟಿ ಒಳಬದಿಯ ಕೆಸರಿಗೆ ಇಳಿದರು. ಬಳಚು ಹುಡುಕುವ ಹಾಗೇ ಅಂಗಾಲಿನಿಂದ ಕಟ್ಟೆಯ ಬುಡ ಒತ್ತುತ್ತಾ ಒಂದೊಂದೇ ಹೆಜ್ಜೆ ಮುಂದೆ ಹೋದರು. ಮಣ್ಣು ಮೆತ್ತಗಾದಲ್ಲಿ ನಿಂತು "ಇಲ್ಲೂ ಹೋಗ್ತದೆ, ಇಲ್ಲೊಂದು ಗೂಟ" ಅಂದರು. ನಮ್ಮ ಟಾರ್ಚಿಗೆ ಏನೂ ಕಾಣದ ಕಡೆಯಲ್ಲೇ ಹೀಗೆ ಸೋರಿಕೆ ಸಿಕ್ಕಿದ್ದು. ಸೋರುವಲ್ಲೆಲ್ಲ ಹುಲ್ಲು, ಜೇಡಿ ತುರುಕಿ ತುಳಿದೆವು. ನಡುರಾತ್ರಿ ದಾಟಿ ನೀರಿನ ಸೆಳೆತ ನಿಂತಾಗ ಅವರೇ "ಈಗ" ಅಂದರು. ದಬ್ಬೆ ಹೊಡೆದು, ಚೀಲ ಒಟ್ಟಿ, ಬೆಳಗಿನ ಜಾವಕ್ಕೆ ಒಡಕು ಮುಚ್ಚಿದೆವು.

ಬೆಳಕು ಹರಿದಾಗ ನೋಡಿದರೆ ಕೆಳಗಿನ ಗದ್ದೆಗಳ ಸಸಿ ಪೂರ್ತಿ ನೀರಿನಡಿ. ಕಗ್ಗ ಉಪ್ಪು ತಡೆಯುತ್ತದೆ ನಿಜ, ಆದರೆ ಎಳೆ ಸಸಿಗೆ ಸಮುದ್ರದ ನೀರೇ ಬಂದು ನಿಂತರೆ? ನನಗೆ ಅಳು ತಡೆಯಲಾಗಲಿಲ್ಲ. ಎಲ್ಲರೆದುರು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಗಜನಿಯನ್ನು ಸಿಗಡಿ ಹೊಂಡಕ್ಕೆ ಮತ್ತೆ ಗುತ್ತಿಗೆಗೆ ಕೇಳುತ್ತಿದ್ದವರಿಗೆ ಇನ್ನು ಇಲ್ಲ ಅನ್ನಲು ಯಾರ ಹತ್ತಿರವೂ ಬಲ ಉಳಿಯುವುದಿಲ್ಲ, ಎಲ್ಲ ಮುಗಿಯಿತು ಅಂತಲೇ ಅನಿಸಿತ್ತು. ದೊಡ್ಡಕ್ಕ ಸಮಾಧಾನ ಮಾಡಲಿಲ್ಲ. ಗದ್ದೆಯ ನೀರು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿದರು. "ಉಪ್ಪುಂಟು. ಇಳಿತಕ್ಕೆ ಹಲಗೆ ಎತ್ತಿ, ಭರತಕ್ಕೆ ಹಾಕಿ. ಮಳೆ ಉಂಟಲ್ಲ, ತೊಳೀತದೆ" ಅಂದು ಅಲ್ಲೇ ನಿಂತರು. ಉಪ್ಪು ಇಳಿಯುವವರೆಗೂ ದಿನಾ ಬಂದು ನೀರು ರುಚಿ ನೋಡಿ ಹೋದರು. ಅಂಚಿನ ಸ್ವಲ್ಪ ಸಸಿ ಸುಟ್ಟಿತು. ಉಳಿದದ್ದು ಚಿಗುರಿತು.

ನಿಮಗೇನು ಸಿಗುತ್ತದೆ ಎಂದು ಇಷ್ಟು ಮಾಡಿದಿರಿ ಎಂದು ಒಮ್ಮೆ ಕೇಳಿದೆ. "ನಿಮ್ಮ ಗದ್ದೆ ಹೊಂಡ ಆದ್ರೆ ನಮ್ಮ ಮೀನು ಮರಿ ಎಲ್ಲಿ ಬೆಳೀಬೇಕು?" ಅಂದರು. ನಾಲ್ಕು ಕಾಸು ಕೊಡಲು ಹೋದೆವು, ಮುಟ್ಟಲಿಲ್ಲ. ಕಗ್ಗದ ಕೆಂಪಕ್ಕಿ ಮಾತ್ರ ತಗೊಂಡರು, ಗಂಜಿಗೆ.

2024ರಲ್ಲಿ ನಮ್ಮ ಅಳಿವೆ, ಲೋಕದ ಮುಖ್ಯ ಜೌಗು ಭೂಮಿಗಳ ರಾಮ್ಸರ್ ಪಟ್ಟಿ ಸೇರಿತು. 4,801 ಹೆಕ್ಟೇರ್ ಜೌಗು ಭೂಮಿಗೆ ಲೋಕದ ಮಾನ್ಯತೆ ಸಿಕ್ಕಿತು. ತುಂಬಾ ಸಂತೋಷ. ಆದರೆ ಗಜನಿಯ ಮಾತುಕತೆಗೆ ನಾವು ಇವತ್ತಿಗೂ ಕರೆಯುವುದು ಪಹಣಿಯಲ್ಲಿ ಹೆಸರಿದ್ದವರನ್ನು. ಬಳಚು ತೆಗೆಯುವ ಹೆಂಗಸರಿಗೆ ಅಲ್ಲಿ ಕುರ್ಚಿ ಇಲ್ಲ. ಮುಂದಿನ ಸಭೆಗೆ ಅವರನ್ನು ಕರೆಯಬೇಕು, ಗೇಟು ಯಾವಾಗ ತೆಗೆಯುವುದು ಅನ್ನುವುದನ್ನು ಅವರನ್ನು ಕೇಳಿಯೇ ತೀರ್ಮಾನಿಸಬೇಕು ಎಂದು ನಾನು ಬರೆದು ಕೊಟ್ಟಿದ್ದೇನೆ. ಒಪ್ಪುವವರು ದಯವಿಟ್ಟು ನಿಮ್ಮ ಸಹಿಯನ್ನೂ ಸೇರಿಸಿ.

ಬೀಜದ ಭತ್ತ ಬೇರೆ ತೆಗೆದು ಮುಡೆ (ಹುಲ್ಲಿನ ಮೂಟೆ) ಕಟ್ಟಿ ಇಟ್ಟಿದ್ದೇವೆ. ಅಳಿವೆಯ ಸುತ್ತಲಿನ ಯಾವ ಊರಿನವರಾದರೂ ಮಳೆ ಹಿಡಿಯುವ ಮೊದಲು ಬಂದು ಒಯ್ಯಬಹುದು. ದುಡ್ಡು ಬೇಡ. ಬೆಳೆ ಬಂದ ಮೇಲೆ ಒಯ್ದಷ್ಟು ಬೀಜ ವಾಪಸ್ ಕೊಟ್ಟರೆ ಸಾಕು.